ಮಗುವಿನ ಆಪರೇಷನ್ನಿಗೆ ಹಣ ಹೊಂದಿಸುವಾಗ: ಮೊದಲು ಎಸ್ಟಿಮೇಟ್, ಪೋಸ್ಟರ್ ಆಮೇಲೆ

ಬೆಂಗಳೂರಿನ ದೊಡ್ಡ ಆಸ್ಪತ್ರೆಯೊಂದರ ಎದುರಿನ ಜೆರಾಕ್ಸ್ ಅಂಗಡಿ. ನನ್ನ ಮುಂದೆ ನಿಂತಿದ್ದವರು ಒಂದು ಹಾಳೆ ಕೊಟ್ಟು ಇನ್ನೂರು ಕಾಪಿ ಕೇಳಿದರು. ಹಾಳೆಯಲ್ಲಿ ಮೂಗಿಗೆ ನಳಿಗೆ ಹಾಕಿದ ಪುಟ್ಟ ಮಗುವಿನ ಫೋಟೊ, ‘ದಯವಿಟ್ಟು ಸಹಾಯ ಮಾಡಿ’ ಎಂಬ ದಪ್ಪಕ್ಷರ, ಕೆಳಗೊಂದು ಫೋನ್‌ಪೇ ನಂಬರು. ಎಷ್ಟು ಬೇಕಂತೆ ಎಂದೆ. ‘ನಾಕೋ ಐದೋ ಲಕ್ಷ ಆಗ್ತದ ಅಂದಾರ್ರೀ’ ಎಂದರು. ಕೊಪ್ಪಳದ ಕಡೆಯವರು. ಮಗಳಿಗೆ ಮೂರು ವರ್ಷ, ಹೃದಯದಲ್ಲಿ ತೂತು. ಬಿಪಿಎಲ್ ಕಾರ್ಡ್ ಉಂಟೇ ಎಂದರೆ ಪರ್ಸಿನಿಂದಲೇ ತೆಗೆದು ತೋರಿಸಿದರು. ರಸ್ತೆ ದಾಟಿದರೆ ಆಸ್ಪತ್ರೆಯ ಒಳಗೇ, ಸರ್ಕಾರದ ಆರೋಗ್ಯ ಯೋಜನೆಗೆ ದಾರಿ ತೋರಿಸುವ ಆರೋಗ್ಯಮಿತ್ರರ ಮೇಜಿತ್ತು. ಅಲ್ಲಿಗೆ ಹೋಗಿ ಎಂದು ನಾಲ್ಕು ದಿನದಲ್ಲಿ ಅವರಿಗೆ ಒಬ್ಬರೂ ಹೇಳಿರಲಿಲ್ಲ.

ರೆಫರಲ್ ಪತ್ರಕ್ಕೆ ಒಂದು ದಿನ ಓಡಾಟವಾಯಿತು, ಕಾರ್ಡಿನಲ್ಲಿ ಮಗುವಿನ ಹೆಸರಿಲ್ಲದ್ದಕ್ಕೆ ಇನ್ನೂ ಕೆಲವು ದಿನ. ಕೊನೆಗೆ ಆಪರೇಷನ್ ಸರ್ಕಾರದ ಯೋಜನೆಯಲ್ಲೇ ಆಯಿತು. ಅವರಿಗೆ ನಿಜವಾಗಿ ಬೇಕಾಗಿದ್ದದ್ದು ರೂಮಿನ ಬಾಡಿಗೆ, ಊಟ, ಓಡಾಟ, ಹೊರಗಿನ ಔಷಧಿಗೆಂದು ನಲವತ್ತು ಸಾವಿರದ ಆಸುಪಾಸು. ಅದನ್ನು ಊರಿನವರೇ ಕೂಡಿಸಿದರು. ಇನ್ನೂರು ಪೋಸ್ಟರ್ ಹಾಗೇ ಉಳಿಯಿತು.

ಎಲ್ಲರ ಕಥೆಯೂ ಇಷ್ಟು ಸಲೀಸಾಗಿ ಮುಗಿಯುವುದಿಲ್ಲ. ಯೋಜನೆಗೆ ಸೇರದ ಕಾಯಿಲೆಗಳಿವೆ, ಪ್ಯಾಕೇಜಿನ ಮೊತ್ತಕ್ಕೆ ಮೀರಿದ ಚಿಕಿತ್ಸೆಗಳಿವೆ, ಎಪಿಎಲ್ ಕಾರ್ಡಿನ ಮಧ್ಯಮ ವರ್ಗದ ಸಂಕಟವೇ ಬೇರೆ. ಆದರೂ ಹಣ ಕೂಡಿಸಲು ಹೊರಟವರಲ್ಲಿ ನಾನು ಕಂಡ ದೊಡ್ಡ ತೊಂದರೆ ಕ್ರಮದ್ದು. ಕೊನೆಯ ಕೆಲಸವನ್ನು ಮೊದಲು ಮಾಡಿ, ಮೊದಲ ಕೆಲಸ ನೆನಪಾಗುವ ಹೊತ್ತಿಗೆ ಕಾಲ ಮೀರಿರುತ್ತದೆ.

ಜನ ಯಾಕೆ ಕೊಡುತ್ತಾರೆ?

ಮನೆಯ ಟ್ರಂಕಿನಲ್ಲಿ ಮುಯ್ಯಿ ಬರೆದ ಹಳೇ ನೋಟ್‌ಬುಕ್ ಸಿಕ್ಕರೆ ಬಿಡಿಸಿ ನೋಡಿ. ಮದುವೆಗೆ ಯಾರು ಐದು ರೂಪಾಯಿ ಹಾಕಿದರು, ಯಾರು ಹನ್ನೊಂದು ಎಂದು ಹೆಸರು, ಊರು ಸಮೇತ ಇರುತ್ತದೆ. ಒಂದೇ ಮನೆಗೆ ಭಾರವಾದ ಖರ್ಚನ್ನು ನೂರು ಮನೆಗೆ ಹಂಚುವ ಏರ್ಪಾಡು ಅದು. ನಡೆದದ್ದು ಆ ನೋಟ್‌ಬುಕ್ಕಿನ ಬಲದಿಂದ. ಕೊಟ್ಟವನಿಗೆ ತನ್ನ ಹೆಸರು ದಾಖಲಾಗಿದೆ ಎಂದು ಗೊತ್ತಿತ್ತು, ಪಡೆದವನಿಗೆ ಅದು ಋಣ ಎಂದು ಗೊತ್ತಿತ್ತು.

ಉಡುಪಿ ಕಡೆಯವರಿಗೆ ರವಿ ಕಟಪಾಡಿಯವರ ಹೆಸರು ಹೊಸದಲ್ಲ. ಕೂಲಿ ಕೆಲಸದ ಅವರು ಕೃಷ್ಣಾಷ್ಟಮಿಯಲ್ಲಿ ವಿಚಿತ್ರ ವೇಷ ಹಾಕಿ ಕಾಯಿಲೆಯ ಮಕ್ಕಳಿಗಾಗಿ ಹಣ ಸಂಗ್ರಹಿಸುತ್ತಾ ಬಂದವರು. ಜನ ವೇಷ ನೋಡಿ ನಿಲ್ಲುತ್ತಾರೆ, ಸರಿ. ಡಬ್ಬಿಗೆ ನೋಟು ಬೀಳುವುದು ಮಾತ್ರ ಆ ಮನುಷ್ಯ ಯಾರೆಂದು ಗೊತ್ತಿರುವುದರಿಂದ, ಹಣ ಮಕ್ಕಳಿಗೇ ಹೋಗುತ್ತದೆಂದು ವರ್ಷ ವರ್ಷ ಕಂಡಿರುವುದರಿಂದ.

ನಿಮ್ಮ ಮನವಿಗೂ ಇದೇ ಅಳತೆ. ಮೊಬೈಲ್ ನೋಡುವವನ ತಲೆಯಲ್ಲಿ ಮೂರು ಪ್ರಶ್ನೆ ಏಳುತ್ತವೆ: ಇದು ನಿಜವೇ? ನನ್ನ ಐನೂರು ರೂಪಾಯಿಯಿಂದ ಏನಾದರೂ ಆಗುತ್ತದೆಯೇ? ಹಣ ಎಲ್ಲಿಗೆ ಹೋಗುತ್ತದೆ? ಮುಂದಿನ ಹೆಜ್ಜೆಗಳೆಲ್ಲ ಈ ಮೂರಕ್ಕೆ ಉತ್ತರ ಹೊಂದಿಸಿಕೊಳ್ಳುವುದಕ್ಕೆ.

1. ಎಷ್ಟು ದಿನ ಕಾಯಬಹುದು ಎಂದು ಡಾಕ್ಟರನ್ನು ಕೇಳಿ

‘ಎಷ್ಟು ಹಣ’ ಎಂದು ಕೇಳುವುದಕ್ಕೆ ಮೊದಲು ‘ಎಷ್ಟು ದಿನ’ ಎಂದು ಕೇಳಿ. ಯಾವ ಬಾಗಿಲು ತಟ್ಟಬೇಕೆಂದು ತೀರ್ಮಾನ ಮಾಡುವುದು ಈ ಉತ್ತರವೇ. ಈ ವಾರವೇ ಆಗಬೇಕಾದ ಆಪರೇಷನ್ನಿಗೆ ಪರಿಹಾರ ನಿಧಿಯ ಅರ್ಜಿಯನ್ನೇ ನಂಬಿ ಕೂರಲಾಗದು. ಮೂರು ತಿಂಗಳು ಕಾಯಬಹುದಾದರೆ ಮೀಟರ್ ಬಡ್ಡಿಗೆ ಸಾಲ ತರಬೇಕಾಗಿಲ್ಲ.

ಕಾಯುವುದಕ್ಕೂ ಮಿತಿಯುಂಟು, ಅದು ಕಾಯಿಲೆಯಿಂದ ಕಾಯಿಲೆಗೆ ಬೇರೆ. ಹೃದಯದ ಕೆಳಕೋಣೆಗಳ ನಡುವಿನ ತೂತು ದೊಡ್ಡದಿದ್ದರೆ ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ಏರುತ್ತಾ ಹೋಗುತ್ತದೆ. ಒಂದು ಹಂತ ದಾಟಿದ ಮೇಲೆ ಹಣ ಇದ್ದರೂ ತೂತು ಮುಚ್ಚುವಂತಿರುವುದಿಲ್ಲ. ಪಿತ್ತನಾಳ ಮುಚ್ಚಿಹೋಗಿರುವ ಹಸುಗೂಸಿಗೆ ಮಾಡುವ ಕಸಾಯಿ ಎಂಬ ಶಸ್ತ್ರಚಿಕಿತ್ಸೆ ಹುಟ್ಟಿದ 60 ದಿನದೊಳಗೆ ಆದರೆ ಫಲ ಹೆಚ್ಚು. ಚಿಕ್ಕ ತೂತುಗಳಲ್ಲಿ ಕೆಲವು ತಾವಾಗಿಯೇ ಮುಚ್ಚಿಕೊಳ್ಳುವುದೂ ಇದೆ. ಆದ್ದರಿಂದ ಪಕ್ಕದ ಬೆಡ್ಡಿನ ಮಗುವಿನ ಲೆಕ್ಕ ನಿಮ್ಮ ಮಗುವಿಗೆ ಹಚ್ಚಬೇಡಿ.

ಸಾಧ್ಯವಿದ್ದರೆ ಎರಡನೇ ಅಭಿಪ್ರಾಯ ಪಡೆಯಿರಿ, ಅದರಲ್ಲೂ ಸರ್ಕಾರಿ ಅಥವಾ ಸ್ವಾಯತ್ತ ಸಂಸ್ಥೆಯಲ್ಲಿ. ಹೃದಯಕ್ಕೆ ಬೆಂಗಳೂರು, ಮೈಸೂರು, ಕಲಬುರಗಿಗಳಲ್ಲಿ ಜಯದೇವ ಸಂಸ್ಥೆ ಇದೆ. ಮಕ್ಕಳ ಕಾಯಿಲೆಗಳಿಗೆ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ, ಕ್ಯಾನ್ಸರಿಗೆ ಕಿದ್ವಾಯಿ, ಮೆದುಳು ನರಕ್ಕೆ ನಿಮ್ಹಾನ್ಸ್. ವೈಟ್‌ಫೀಲ್ಡಿನ ಸತ್ಯಸಾಯಿ ಆಸ್ಪತ್ರೆ 2001ರಲ್ಲಿ ಶುರುವಾದದ್ದು. ಅಲ್ಲಿ ಬಿಲ್ಲಿಂಗ್ ಕೌಂಟರೇ ಇಲ್ಲ. ಇಂಥ ಕಡೆ ಸರದಿ ಉದ್ದ. ಅದಕ್ಕೇ ‘ಎಷ್ಟು ದಿನ’ ಎಂಬ ಪ್ರಶ್ನೆ ಮೊದಲು.

2. ಎಸ್ಟಿಮೇಟನ್ನು ಲಿಖಿತವಾಗಿ ಪಡೆಯಿರಿ

‘ನಾಲ್ಕೋ ಐದೋ’ ಎಂಬ ಬಾಯಿಮಾತಿನ ಮೇಲೆ ಯಾರೂ ಹಣ ಕೊಡುವುದಿಲ್ಲ, ಯಾವ ಕಚೇರಿಯೂ ಅರ್ಜಿ ತೆಗೆದುಕೊಳ್ಳುವುದಿಲ್ಲ. ಆಸ್ಪತ್ರೆಯ ಲೆಟರ್‌ಹೆಡ್ಡಿನಲ್ಲಿ ಇವಿಷ್ಟು ಇರಬೇಕು: ಮಗುವಿನ ಹೆಸರು, ವಯಸ್ಸು, ಆಸ್ಪತ್ರೆಯ ರೋಗಿ ಸಂಖ್ಯೆ, ಕಾಯಿಲೆಯ ಹೆಸರು, ಮಾಡುವ ಶಸ್ತ್ರಚಿಕಿತ್ಸೆ, ಯಾವ ದರ್ಜೆಯ ವಾರ್ಡ್, ಐಸಿಯುನಲ್ಲಿ ಎಷ್ಟು ದಿನ ಎಂದು ಹಿಡಿದಿದ್ದಾರೆ, ಡಿವೈಸ್, ವಾಲ್ವ್‌ನಂಥ ಸಾಮಗ್ರಿಯ ಬೆಲೆ ಸೇರಿದೆಯೇ ಇಲ್ಲವೇ, ವೈದ್ಯರ ಸಹಿ, ನೋಂದಣಿ ಸಂಖ್ಯೆ, ಮೊಹರು, ದಿನಾಂಕ. ಆಸ್ಪತ್ರೆಯ ಬ್ಯಾಂಕ್ ಖಾತೆಯ ವಿವರ ಬರೆಸಿಕೊಳ್ಳುವುದನ್ನು ಹೆಚ್ಚಿನವರು ಮರೆಯುತ್ತಾರೆ. ಅದನ್ನೂ ಅದೇ ಪತ್ರದಲ್ಲಿ ಕೇಳಿ.

ವಾರ್ಡಿನ ದರ್ಜೆ ಬಗ್ಗೆ ಒಂದು ಮಾತು. ಬಹಳ ಆಸ್ಪತ್ರೆಗಳಲ್ಲಿ ಸೆಮಿ ಪ್ರೈವೇಟ್ ಆರಿಸಿದರೆ ಏರುವುದು ಹಾಸಿಗೆಯ ಬಾಡಿಗೆಯೊಂದೇ ಅಲ್ಲ. ಸರ್ಜನ್ ಶುಲ್ಕ, ಪರೀಕ್ಷೆಗಳ ದರ ಎಲ್ಲ ಅದರ ಜತೆ ಏರುತ್ತವೆ. ಜನರಲ್ ವಾರ್ಡಿನ ಎಸ್ಟಿಮೇಟನ್ನೇ ಕೇಳಿ. ನಾಚಿಕೆ ಬೇಡ. ಕೈಚಾಚಿ ಹಣ ಕೂಡಿಸಿ ಡೀಲಕ್ಸ್ ರೂಮ್ ಹಿಡಿದವರನ್ನು ನಾನು ನೋಡಿದ್ದೇನೆ. ದಾನಿಗಳೂ ನೋಡುತ್ತಾರೆ.

ಇನ್ನು, ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ಪ್ರಕಾರ ದರಪಟ್ಟಿಯನ್ನು ಆಸ್ಪತ್ರೆ ಕಾಣುವಂತೆ ಹಾಕಬೇಕು, ಜೀವ ಉಳಿಸುವ ತುರ್ತು ಚಿಕಿತ್ಸೆಗೆ ಮುಂಗಡ ಕಟ್ಟಿ ಎಂದು ಪಟ್ಟು ಹಿಡಿಯುವಂತಿಲ್ಲ.

3. ಅಡ್ಮಿಷನ್‌ಗೆ ಮೊದಲೇ ಯೋಜನೆ ವಿಚಾರಿಸಿ

ಇಡೀ ಲೇಖನದಲ್ಲಿ ಒಂದೇ ಭಾಗ ಓದುವುದಾದರೆ ಇದನ್ನು ಓದಿ.

‘ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ’ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗಿನ ಚಿಕಿತ್ಸೆ ಉಚಿತ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30ರಷ್ಟನ್ನು ಸರ್ಕಾರ ಕೊಡುತ್ತದೆ, ವರ್ಷಕ್ಕೆ 1.5 ಲಕ್ಷ ರೂ. ಮಿತಿಯಲ್ಲಿ. ನಡೆಸುವುದು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್. ತುರ್ತಲ್ಲದ ಚಿಕಿತ್ಸೆಗೆ ಖಾಸಗಿ ಆಸ್ಪತ್ರೆಗೆ ಹೋಗಬೇಕಾದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು; ತುರ್ತು ಪಟ್ಟಿಯಲ್ಲಿರುವ ಚಿಕಿತ್ಸೆಗಳಿಗೆ ಬೇಡ. ನೋಂದಾಯಿತ ಆಸ್ಪತ್ರೆಗಳಲ್ಲಿ ಆರೋಗ್ಯಮಿತ್ರರು ಕೂತಿರುತ್ತಾರೆ. ಫೋನಿನಲ್ಲಿ ವಿಚಾರಿಸಲು 104 ಆರೋಗ್ಯ ಸಹಾಯವಾಣಿ, ಆಯುಷ್ಮಾನ್ ಭಾರತ್‌ಗೆ 14555.

ಇದು ನಗದುರಹಿತ ಯೋಜನೆ. ಆಪರೇಷನ್ನಿಗೆ ಮೊದಲೇ ಟ್ರಸ್ಟಿನ ಅನುಮತಿ ಬರಬೇಕು. ಕ್ಯಾಷ್ ಪೇಷೆಂಟ್ ಆಗಿ ಸೇರಿ, ಬಿಲ್ ಕಟ್ಟಿ, ಆಮೇಲೆ ರಸೀದಿ ಹಿಡಿದು ಹೋದರೆ ವಾಪಸು ಬರುವ ಏರ್ಪಾಡಲ್ಲ. ಆದ್ದರಿಂದ ಅಡ್ಮಿಷನ್ ಕೌಂಟರಿನಲ್ಲಿ ಮೊದಲ ಮಾತೇ ‘ನಮ್ಮಲ್ಲಿ ಕಾರ್ಡ್ ಇದೆ’ ಎಂಬುದಾಗಿರಲಿ.

ಇನ್ನೊಂದು ಕೊಕ್ಕೆ: ಪುಟ್ಟ ಮಕ್ಕಳ ಹೆಸರು ರೇಷನ್ ಕಾರ್ಡಿಗೆ ಸೇರಿರುವುದೇ ಇಲ್ಲ. ಹುಟ್ಟಿದಾಗ ಸೇರಿಸೋಣ ಎಂದುಕೊಂಡು ಬಿಟ್ಟಿರುತ್ತೇವೆ. ಕಾಯಿಲೆ ಗೊತ್ತಾದ ದಿನವೇ ಜನನ ಪ್ರಮಾಣಪತ್ರ, ಮಗುವಿನ ಆಧಾರ್, ಕಾರ್ಡಿಗೆ ಹೆಸರು ಸೇರ್ಪಡೆ, ಈ ಮೂರಕ್ಕೂ ಮನೆಯ ಒಬ್ಬರನ್ನು ಓಡಿಸಿ. ಐದು ವರ್ಷದೊಳಗಿನ ಮಗುವಿನ ಆಧಾರ್‌ಗೆ ಬೆರಳಚ್ಚು ಬೇಕಿಲ್ಲ.

ಅಂಗನವಾಡಿ, ಸರ್ಕಾರಿ ಶಾಲೆಯ ಮಕ್ಕಳಿಗೆ ಮತ್ತೊಂದು ದಾರಿಯಿದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ತಪಾಸಣೆ ನಡೆಯುತ್ತದೆ. ಹುಟ್ಟಿನಿಂದ ಬಂದ ಹೃದಯದ ದೋಷ, ಸೀಳು ತುಟಿ, ಸೊಟ್ಟಪಾದದಂಥ ತೊಂದರೆಗಳಿಗೆ ಮುಂದಿನ ಚಿಕಿತ್ಸೆಯನ್ನೂ ಅದೇ ಕಾರ್ಯಕ್ರಮ ನೋಡಿಕೊಳ್ಳುತ್ತದೆ. ನಿಮ್ಮ ಆಶಾ ಕಾರ್ಯಕರ್ತೆಯನ್ನೋ ಪ್ರಾಥಮಿಕ ಆರೋಗ್ಯ ಕೇಂದ್ರವನ್ನೋ ಕೇಳಿದರೆ ಆ ತಂಡದ ವೈದ್ಯರ ನಂಬರ್ ಸಿಗುತ್ತದೆ.

4. ಮಿಕ್ಕ ಬಾಗಿಲುಗಳು

ಇವೆಲ್ಲ ಎಲ್ಲರಿಗೂ ಅನ್ವಯಿಸುವುದಿಲ್ಲ. ನಿಮ್ಮದು ಯಾವುದೋ ಅದಕ್ಕೆ ಗುರುತು ಹಾಕಿಕೊಳ್ಳಿ.

ತಂದೆಗೋ ತಾಯಿಗೋ ಇಎಸ್‌ಐ ಕಟ್ ಆಗುತ್ತಿದ್ದರೆ (ತಿಂಗಳ ಸಂಬಳ 21,000 ರೂ.ವರೆಗೆ) ಮಕ್ಕಳಿಗೂ ಅದರಲ್ಲಿ ಚಿಕಿತ್ಸೆ ಇದೆ. ಪಿಎಫ್ ಇದ್ದರೆ ಮನೆಯವರ ಕಾಯಿಲೆಗೆ ಮುಂಗಡ ತೆಗೆಯಬಹುದು, ಅದು ಸಾಲವಲ್ಲ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರಿದ್ದರೆ ಅಲ್ಲಿ ವೈದ್ಯಕೀಯ ನೆರವಿದೆ. ಸಹಕಾರ ಸಂಘದ ಸದಸ್ಯರಿಗೆ ಯಶಸ್ವಿನಿ, ಆದರೆ ಅದಕ್ಕೆ ಮೊದಲೇ ನೋಂದಾಯಿಸಿರಬೇಕು. ಸರ್ಕಾರಿ ನೌಕರರು ತಮ್ಮ ಇಲಾಖೆಯಲ್ಲಿ ಕೇಳಿದರೆ ಸಾಕು.

ಮುಖ್ಯಮಂತ್ರಿ ಪರಿಹಾರ ನಿಧಿಗೆ ಎಸ್ಟಿಮೇಟ್, ಆಧಾರ್, ರೇಷನ್ ಕಾರ್ಡ್ ಇಟ್ಟು ಅರ್ಜಿ ಕೊಡಬಹುದು. ಶಾಸಕರ ಕಚೇರಿಯ ಮೂಲಕ ಹೋದರೆ ಓಡಾಟ ಕಡಿಮೆ. ಪ್ರಧಾನಮಂತ್ರಿ ರಾಷ್ಟ್ರೀಯ ಪರಿಹಾರ ನಿಧಿ 1948ರಿಂದ ಇದೆ, ಹೃದಯ ಶಸ್ತ್ರಚಿಕಿತ್ಸೆ, ಕಿಡ್ನಿ ಕಸಿ, ಕ್ಯಾನ್ಸರಿಗೆ ನೆರವು ಕೊಡುತ್ತದೆ, ಹಣ ಆಸ್ಪತ್ರೆಗೇ ಹೋಗುತ್ತದೆ. ಎರಡರಲ್ಲೂ ಪೂರ್ತಿ ಖರ್ಚು ಸಿಗುತ್ತದೆಂದು ಲೆಕ್ಕ ಹಾಕಬೇಡಿ. ಬಂದದ್ದು ಬಂತು ಎಂದಿರಲಿ.

ಕಾಯಿಲೆಗೆ ತಕ್ಕ ದಾರಿಗಳೂ ಇವೆ. ಸೀಳು ತುಟಿಗೆ ಸ್ಮೈಲ್ ಟ್ರೇನ್ ಸಂಸ್ಥೆಯ ಜತೆಗಿರುವ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆ ಉಚಿತ, ಯಾರೂ ಅದಕ್ಕೆ ಸಾಲ ಮಾಡಬೇಕಾಗಿಲ್ಲ. ಥಲಸ್ಸೀಮಿಯಾ ಮಗುವಿನ ಅಸ್ಥಿಮಜ್ಜೆ ಕಸಿಗೆ ಕೋಲ್ ಇಂಡಿಯಾದ ಬಾಲ ಸೇವಾ ಯೋಜನೆ 10 ಲಕ್ಷ ರೂ.ವರೆಗೆ ಕೊಡುತ್ತದೆ. ಅಪರೂಪದ ಆನುವಂಶಿಕ ಕಾಯಿಲೆಗಳಿಗೆ 2021ರ ರಾಷ್ಟ್ರೀಯ ನೀತಿಯಡಿ ಗುರುತಿಸಿದ ಕೇಂದ್ರಗಳಲ್ಲಿ 50 ಲಕ್ಷದವರೆಗೆ ನೆರವಿದೆ. ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಅಂಥದ್ದೊಂದು. ಮಕ್ಕಳ ಹೃದಯ ಚಿಕಿತ್ಸೆಗೆ ‘ಗಿಫ್ಟ್ ಆಫ್ ಲೈಫ್’ ಎಂಬ ಕಾರ್ಯಕ್ರಮ ರೋಟರಿಯದ್ದು, ನಿಮ್ಮೂರಿನ ಕ್ಲಬ್ಬನ್ನು ಕೇಳಿ ನೋಡಿ.

ಆಸ್ಪತ್ರೆಯಲ್ಲಿ ವೈದ್ಯಕೀಯ ಸಮಾಜ ಕಾರ್ಯಕರ್ತರು ಇದ್ದಾರೆಯೇ ಎಂದು ವಿಚಾರಿಸಿ. ಯಾವ ಟ್ರಸ್ಟ್ ಯಾವ ಕಾಯಿಲೆಗೆ ಕೊಡುತ್ತದೆ, ಯಾರು ಬೇಗ ಕೊಡುತ್ತಾರೆ ಎಂಬ ಪಟ್ಟಿ ಅವರ ಡ್ರಾಯರಿನಲ್ಲಿ ಇರುತ್ತದೆ. ಬಿಲ್ಲಿನಲ್ಲಿ ರಿಯಾಯಿತಿ ಕೊಡಿಸುವ ಶಿಫಾರಸೂ ಬಹಳ ಕಡೆ ಅವರದ್ದೇ. ಆಪರೇಷನ್ನಿಗೆ ಮುಂಚೆ ಕೇಳಿದ ರಿಯಾಯಿತಿಗೂ ಡಿಸ್ಚಾರ್ಜ್ ದಿನ ಕೌಂಟರಿನಲ್ಲಿ ಅತ್ತು ಕೇಳಿದ ರಿಯಾಯಿತಿಗೂ ವ್ಯತ್ಯಾಸ ಇದೆ.

5. ಈಗ ಕೊರತೆಯ ಲೆಕ್ಕ ಹಾಕಿ

ಒಂದು ಉದಾಹರಣೆ. ಎಸ್ಟಿಮೇಟ್ 4,20,000. ಪಿಎಫ್ ಮುಂಗಡ 90,000. ಆಸ್ಪತ್ರೆಯ ರಿಯಾಯಿತಿ 40,000. ಮನೆಯವರು, ಅಣ್ಣ ತಮ್ಮಂದಿರು ಸೇರಿ 1,10,000. ಉಳಿದದ್ದು 1,80,000. ಅದಕ್ಕೆ ಕಣ್ಣಿಗೆ ಬೀಳದ ಖರ್ಚು ಸೇರಿಸಿ: ಇಬ್ಬರಿಗೆ ಇಪ್ಪತ್ತು ದಿನದ ರೂಮು, ಊಟ, ಐಸಿಯುನಲ್ಲಿ ಎರಡು ದಿನ ಜಾಸ್ತಿಯಾದರೆ ಎಂದು ಒಂದಿಷ್ಟು, ಆಮೇಲಿನ ಔಷಧಿ, ಮೂರು ತಪಾಸಣೆ. 60,000 ಎನ್ನೋಣ. ನೀವು ಕೇಳಬೇಕಾದದ್ದು 2,40,000.

4,20,000 ಎಂದು ಹಾಕಿದ್ದರೆ ಏನಾಗುತ್ತಿತ್ತು? ಐನೂರು ಕೊಡುವವನಿಗೆ ಅದು ಸಮುದ್ರಕ್ಕೆ ಚೊಂಬು ನೀರು. ‘ನಮ್ಮ ಕೈಲಾದ 2,40,000 ಕೂಡಿಸಿದ್ದೇವೆ, ಇನ್ನು ಇಷ್ಟೇ ಬೇಕು’ ಎಂದಾಗ ದಡ ಕಾಣುತ್ತದೆ. ದಡ ಕಂಡ ದೋಣಿಗೆ ಕೈಕೊಡುವವರು ಹೆಚ್ಚು.

ಓಡಾಟದ ಖರ್ಚಿನಲ್ಲಿ ಉಳಿಸುವುದಕ್ಕೆ ಎರಡು ದಾರಿ: ಹೃದಯ ಶಸ್ತ್ರಚಿಕಿತ್ಸೆ, ಕ್ಯಾನ್ಸರ್, ಥಲಸ್ಸೀಮಿಯಾ ಮುಂತಾದವಕ್ಕೆ ಹೋಗುವ ರೋಗಿಗೂ ಜತೆಗೊಬ್ಬರಿಗೂ ರೈಲಿನಲ್ಲಿ ರಿಯಾಯಿತಿ ಇದೆ, ಆಸ್ಪತ್ರೆಯಿಂದ ನಿಗದಿತ ನಮೂನೆಯ ಪ್ರಮಾಣಪತ್ರ ಬೇಕು. ತಾಯಿಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಶಕ್ತಿ ಯೋಜನೆಯ ಉಚಿತ ಟಿಕೆಟ್ ಇದ್ದೇ ಇದೆ.

6. ಯಾರ ಖಾತೆಗೆ?

ಮೊದಲ ಆಯ್ಕೆ ಆಸ್ಪತ್ರೆಯ ಖಾತೆ, ಮಗುವಿನ ರೋಗಿ ಸಂಖ್ಯೆಯನ್ನು ಷರಾದಲ್ಲಿ ಬರೆದು. ಕೊಡುವವನ ಮೂರನೇ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ಇಲ್ಲ. ಯುಪಿಐನ ಸಾಮಾನ್ಯ ಮಿತಿ ದಿನಕ್ಕೆ ಒಂದು ಲಕ್ಷ. ಆಸ್ಪತ್ರೆಗಳಿಗೆ ಕಟ್ಟುವಾಗ ಅದನ್ನು ರಿಸರ್ವ್ ಬ್ಯಾಂಕ್ 5 ಲಕ್ಷಕ್ಕೆ ಏರಿಸಿದೆ. ನಗದು ಹಿಡಿದು ಹೋಗುವವರು ಗಮನಿಸಿ: ಒಬ್ಬರಿಂದ ಒಂದು ದಿನ 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದನ್ನು ಆಸ್ಪತ್ರೆ ತೆಗೆದುಕೊಳ್ಳುವಂತಿಲ್ಲ.

ಸಣ್ಣ ಖರ್ಚುಗಳಿಗೆ ಮನೆಯವರ ಖಾತೆಯೂ ಬೇಕಾಗುತ್ತದೆ. ತಂದೆ ಅಥವಾ ತಾಯಿಯ ಹೆಸರಿನಲ್ಲಿ ಹೊಸ ಖಾತೆ ತೆರೆದು ಇದಕ್ಕೊಂದಕ್ಕೇ ಮೀಸಲಿಡಿ. ಪೂರ್ಣ ಕೆವೈಸಿ ಆಗದ ‘ಸಣ್ಣ ಖಾತೆ’ಯ ನಂಬರ್ ಮಾತ್ರ ಕೊಡಬೇಡಿ. ಅದಕ್ಕೆ ವರ್ಷಕ್ಕೆ ಒಟ್ಟು ಒಂದು ಲಕ್ಷಕ್ಕಿಂತ ಹೆಚ್ಚು ಜಮಾ ಆಗುವಂತಿಲ್ಲ, ತಿಂಗಳಿಗೆ 10,000ಕ್ಕಿಂತ ಹೆಚ್ಚು ತೆಗೆಯುವಂತಿಲ್ಲ. ನನಗೆ ಗೊತ್ತಿರುವ ಒಂದು ಮನೆಯವರಿಗೆ ಇದು ತಿಳಿದದ್ದು ಭಾನುವಾರ ಸಂಜೆ, ಆಪರೇಷನ್ ಸೋಮವಾರ ಬೆಳಿಗ್ಗೆ. ಎರಡು ರೂಪಾಯಿ, ಐವತ್ತು ರೂಪಾಯಿ ಎಂದು ಊರೂರಿನಿಂದ ಒಮ್ಮೆಲೇ ಹಣ ಬೀಳತೊಡಗಿದರೆ ಬ್ಯಾಂಕಿಗೆ ಅನುಮಾನ ಬಂದು ಖಾತೆ ತಡೆಹಿಡಿಯುವುದೂ ಉಂಟು. ಮೊದಲೇ ಬ್ರಾಂಚಿಗೆ ಹೋಗಿ ಮ್ಯಾನೇಜರಿಗೆ ಎಸ್ಟಿಮೇಟಿನ ಪ್ರತಿ ಕೊಟ್ಟು, ಕೊಟ್ಟದ್ದಕ್ಕೆ ಸೀಲ್ ಹಾಕಿಸಿಕೊಂಡು ಬನ್ನಿ.

ತೆರಿಗೆಯ ವಿಷಯ: ಸಂಬಂಧಿಕರಲ್ಲದವರಿಂದ ಒಂದು ವರ್ಷದಲ್ಲಿ ಒಟ್ಟು 50,000 ರೂ.ಗಿಂತ ಹೆಚ್ಚು ನಿಮ್ಮ ಕೈಗೆ ಬಂದರೆ ಆದಾಯ ತೆರಿಗೆ ಕಾನೂನು ಅದನ್ನು ಆದಾಯ ಎಂದೇ ನೋಡುತ್ತದೆ. ನೋಂದಾಯಿತ ದತ್ತಿ ಟ್ರಸ್ಟ್ ಕೊಟ್ಟ ಹಣಕ್ಕೆ ವಿನಾಯಿತಿ ಇದೆ. ಹಣ ನೇರವಾಗಿ ಆಸ್ಪತ್ರೆಗೆ ಹೋಗಲಿ ಎನ್ನುವುದಕ್ಕೆ ಇದೂ ಒಂದು ಕಾರಣ. ಮೊತ್ತ ದೊಡ್ಡದಾದರೆ ಪರಿಚಯದ ಸಿಎ ಒಬ್ಬರ ಸಲಹೆ ಪಡೆಯಿರಿ, ಎಲ್ಲ ಬಿಲ್ಲು ಕಾಪಾಡಿ. ಹಾಗೆಯೇ, ನಿಮ್ಮ ಖಾತೆಗೆ ಕೊಟ್ಟವರಿಗೆ 80ಜಿ ರಿಯಾಯಿತಿ ಸಿಗದು. ಕೇಳಿದರೆ ನೇರವಾಗಿ ಇಲ್ಲ ಎನ್ನಿ.

ಅಮೆರಿಕ, ಬ್ರಿಟನ್ನಿನ ಕನ್ನಡ ಬಳಗಗಳಿಗೂ ಮನವಿ ತಲುಪುತ್ತದೆ. ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ದುಡಿಮೆಯ ಹಣವನ್ನು ಬ್ಯಾಂಕ್ ಮೂಲಕ ಕಳಿಸಿದರೆ ತೊಂದರೆಯಿಲ್ಲ. ಅಲ್ಲಿಯ ಪೌರತ್ವ ಪಡೆದವರು, ಒಸಿಐ ಕಾರ್ಡ್ ಇದ್ದರೂ ಸರಿ, ಕಳಿಸಿದ್ದು ಕಾನೂನಿನ ಕಣ್ಣಿಗೆ ವಿದೇಶಿ ದೇಣಿಗೆ. ಸ್ವಂತ ಸಂಬಂಧಿಯಾದರೆ ವರ್ಷಕ್ಕೆ 10 ಲಕ್ಷದವರೆಗೆ ಸರ್ಕಾರಕ್ಕೆ ತಿಳಿಸದೆಯೇ ಪಡೆಯಬಹುದು. ಮಿಕ್ಕವರಿಗೆ ವಿದೇಶಿ ದೇಣಿಗೆ ಪಡೆಯಲು ನೋಂದಣಿ ಇರುವ ಸಂಸ್ಥೆಯ ದಾರಿ ತೋರಿಸಿ.

7. ಮನವಿ ಬರೆಯುವುದು

ದಿನಕ್ಕೆ ನಾಲ್ಕು ಸಲ ವಾಟ್ಸ್ಆ್ಯಪಿನಲ್ಲಿ ಬರುವುದು ಹೀಗಿರುತ್ತದೆ: ‘ಅಯ್ಯೋ ದೇವರೇ! ಈ ಮುದ್ದು ಕಂದ ಸಾವು ಬದುಕಿನ ನಡುವೆ ಹೋರಾಡುತ್ತಿದೆ! ಕಲ್ಲು ಮನಸ್ಸಿನವರೂ ಕರಗುತ್ತಾರೆ! ಹತ್ತು ಜನಕ್ಕೆ ಕಳುಹಿಸಿ!’ ಇದರಲ್ಲಿ ಊರಿಲ್ಲ, ಕಾಯಿಲೆಯಿಲ್ಲ, ದಿನಾಂಕವಿಲ್ಲ, ಮೊತ್ತವಿಲ್ಲ. ಕರುಣೆ ಹುಟ್ಟಿದರೂ ಬೆರಳು ಮುಂದೆ ಹೋಗುವುದಿಲ್ಲ.

ಬದಲಿಗೆ ಹೀಗೆ ಬರೆಯಿರಿ:

‘ನಾನು ಶಿರಸಿ ತಾಲ್ಲೂಕಿನ ಹಳ್ಳಿಯವನು, ಗ್ಯಾರೇಜಿನಲ್ಲಿ ಕೆಲಸ. ನಮ್ಮ 4 ವರ್ಷದ ಮಗಳಿಗೆ ಹುಟ್ಟಿನಿಂದ ಹೃದಯದ ತೊಂದರೆ. ಮುಂದಿನ ತಿಂಗಳು 12ರಂದು ಆಪರೇಷನ್ ಎಂದು ಡಾಕ್ಟರ್ ಹೇಳಿದ್ದಾರೆ. ಒಟ್ಟು ಖರ್ಚು 4,20,000. ಓಡಾಟ, ಔಷಧಿಗೆ 60,000. ನಾವು 2,40,000 ಹೊಂದಿಸಿದ್ದೇವೆ. ಇನ್ನು 2,40,000 ಬೇಕು. ಎಸ್ಟಿಮೇಟ್ ಪತ್ರ ಜತೆಗಿದೆ. ಹಣವನ್ನು ಆಸ್ಪತ್ರೆಯ ಖಾತೆಗೇ ಹಾಕಿ. ವಿಚಾರಿಸಲು ನನಗೆ, ಇಲ್ಲವೇ ನಮ್ಮ ಊರಿನ ಶಾಲೆಯ ಮೇಷ್ಟರಿಗೆ ಫೋನ್ ಮಾಡಬಹುದು. ಈ ಮನವಿ ಇದೇ ತಿಂಗಳು 30ರವರೆಗೆ. ಆಮೇಲೆ ಬಂದರೆ ದಯವಿಟ್ಟು ಮುಂದೆ ಕಳಿಸಬೇಡಿ.’

ಎರಡನೇ ಫೋನ್ ನಂಬರ್ ನಿಮ್ಮ ಮನೆಯವರಲ್ಲದವರದ್ದಾಗಿರಲಿ: ಮೇಷ್ಟರು, ಬ್ಯಾಂಕಿನವರು, ಪಂಚಾಯಿತಿ ಸದಸ್ಯರು, ಯಾರಾದರೂ. ಅಪರಿಚಿತರು ಮೊದಲು ಕರೆ ಮಾಡುವುದು ಆ ನಂಬರಿಗೇ.

ಫೋಟೊ ಬಗ್ಗೆ ನನ್ನ ಅಭಿಪ್ರಾಯ ಕಟುವಾದದ್ದು. ನಳಿಗೆ ಹಾಕಿದ, ಬಟ್ಟೆಯಿಲ್ಲದ, ಅಳುತ್ತಿರುವ ಮಗುವಿನ ಚಿತ್ರ ಬೇಡ. ಇವತ್ತು ಹಾಕಿದ ಚಿತ್ರ ಹತ್ತು ವರ್ಷದ ಮೇಲೆ ಆ ಹುಡುಗಿಯ ಹೈಸ್ಕೂಲ್ ಗೆಳತಿಯರ ಮೊಬೈಲಿನಲ್ಲಿ ತೇಲಿ ಬರುತ್ತದೆ. ಕಳೆದ ಹಬ್ಬದಲ್ಲಿ ಲಂಗ ಹಾಕಿಕೊಂಡು ನಗುತ್ತಾ ನಿಂತ ಫೋಟೊ ಇದ್ದೇ ಇರುತ್ತದಲ್ಲ, ಅದು ಸಾಕು. ಎಸ್ಟಿಮೇಟ್ ಹಾಕುವಾಗ ಆಧಾರ್ ಸಂಖ್ಯೆ, ಮನೆ ವಿಳಾಸವನ್ನು ಮರೆಮಾಡಿ.

8. ಯಾರಿಂದ ಶುರು ಮಾಡಬೇಕು

ಹತ್ತಿರದಿಂದ. ಮೊದಲು ಹೆಸರು ಹಿಡಿದು ಕರೆದು ಕೇಳಬಹುದಾದ ಮೂವತ್ತು ಜನರ ಪಟ್ಟಿ ಮಾಡಿ. ಅವರಿಗೆ ಗ್ರೂಪ್ ಮೆಸೇಜ್ ಬೇಡ, ಫೋನ್ ಮಾಡಿ. ಆಮೇಲೆ ಕೆಲಸದ ಜಾಗ, ಹಳೇ ವಿದ್ಯಾರ್ಥಿಗಳ ಗ್ರೂಪು, ಶಾಲೆ, ಸಂಘ, ದೇವಸ್ಥಾನ, ಮಸೀದಿ, ಚರ್ಚು. ಅಪರಿಚಿತರು ಕೊನೆಗೆ. ಯಾಕೆಂದರೆ ಅಪರಿಚಿತರು ನೋಡುವುದು ಈಗಾಗಲೇ ಎಷ್ಟು ಕೂಡಿದೆ ಎಂಬುದನ್ನು. ಮನೆಯವರೇ ಕೊಡದ ಮಗುವಿಗೆ ಊರು ಯಾಕೆ ಕೊಡಬೇಕು ಎಂಬ ಅನುಮಾನ ಕ್ರೂರವೆನಿಸಿದರೂ ಅದು ಇರುವಂಥದ್ದೇ.

ಕೇಳುವ ಕೆಲಸವನ್ನು ತಂದೆ ತಾಯಿಯೇ ಮಾಡಬೇಕೆಂದಿಲ್ಲ. ಐಸಿಯು ಹೊರಗೆ ಕೂತ ತಾಯಿಗೆ ದಿನಕ್ಕೆ ನಲವತ್ತು ಕರೆಗೆ ಅದೇ ಕಥೆ ಹೇಳುವುದು ಹಿಂಸೆ. ಸೋದರಮಾವನೋ ಗೆಳೆಯನೋ ಒಬ್ಬರು ಫೋನಿನ ಹೊಣೆ ಹೊರಲಿ, ಇನ್ನೊಬ್ಬರು ಲೆಕ್ಕದ್ದು.

ಮಿಲಾಪ್, ಕೆಟ್ಟೊ, ಇಂಪ್ಯಾಕ್ಟ್ ಗುರುನಂಥ ವೇದಿಕೆಗಳು ದೊಡ್ಡ ಮೊತ್ತಕ್ಕೆ ಉಪಯೋಗವೇ. ಆದರೆ ಪುಟ ತೆರೆದ ಮಾತ್ರಕ್ಕೆ ಹಣ ಹರಿದು ಬರುತ್ತದೆಂಬ ಭ್ರಮೆ ಬೇಡ, ಮೊದಲ ಮೂವತ್ತು ಜನರನ್ನು ಅಲ್ಲಿಗೂ ನೀವೇ ಕರೆದೊಯ್ಯಬೇಕು. ಸೇರುವ ಮುನ್ನ ನಾಲ್ಕು ವಿಷಯ ಲಿಖಿತವಾಗಿ ಕೇಳಿ: ವೇದಿಕೆಯ ಶುಲ್ಕ ಎಷ್ಟು? ಪಾವತಿ ಶುಲ್ಕ ಬೇರೆಯೇ? ಜಾಹೀರಾತು ಮಾಡಿದರೆ ಅದರ ಖರ್ಚು ಯಾರ ಲೆಕ್ಕಕ್ಕೆ? ಹಣ ಆಸ್ಪತ್ರೆಗೆ ತಲುಪಲು ಎಷ್ಟು ದಿನ? ಮೂರನೆಯದನ್ನು ಕೇಳದೆ ಸಹಿ ಮಾಡಿದವರು ಆಮೇಲೆ ಕೂಡಿದ ಮೊತ್ತಕ್ಕೂ ಕೈಗೆ ಬಂದ ಮೊತ್ತಕ್ಕೂ ತಾಳೆ ನೋಡಿ ಬೆಚ್ಚಿದ್ದುಂಟು.

9. ಲೆಕ್ಕ ಬರೆಯಿರಿ

ನೂರು ಪುಟದ ನೋಟ್‌ಬುಕ್. ಎಡಗಡೆ ಬಂದದ್ದು, ಬಲಗಡೆ ಹೋದದ್ದು. ಎರಡು ದಿನಕ್ಕೊಮ್ಮೆ ಒಟ್ಟು ಮೊತ್ತವನ್ನು ಗ್ರೂಪಿಗೆ ಹಾಕಿ. ಯಾರು ಎಷ್ಟು ಕೊಟ್ಟರೆಂದು ಹೆಸರು ಹಾಕುವ ಮೊದಲು ಅವರನ್ನು ಕೇಳಿ. ಕೊಪ್ಪಳದ ಆ ತಂದೆ ಮಿಕ್ಕ ಪೋಸ್ಟರುಗಳನ್ನು ಎಸೆದಿರಲಿಲ್ಲ. ಅವುಗಳ ಖಾಲಿ ಬೆನ್ನಿಗೆ ಗೆರೆ ಎಳೆದು ‘ಬಾಳೆಹಣ್ಣು 30, ಆಟೊ 120, ಗ್ಲೌಸ್ 45’ ಎಂದು ಬಾಲ್‌ಪೆನ್ನಿನಲ್ಲಿ ಬರೆದಿಟ್ಟಿದ್ದರು. ಊರಿಗೆ ಹೋದವರೇ ಅಷ್ಟೂ ಹಾಳೆಗಳನ್ನು ಕಟ್ಟೆಯ ಮೇಲೆ ಹರಡಿ ತೋರಿಸಿದರಂತೆ.

ಉಳಿದ ಹಣ ಏನಾಗುತ್ತದೆಂದು ಮೊದಲೇ ಹೇಳಿಬಿಡಿ: ಮುಂದಿನ ಒಂದು ವರ್ಷದ ತಪಾಸಣೆಗೆ ಇಷ್ಟು, ಅದಕ್ಕೂ ಮಿಕ್ಕರೆ ಅದೇ ಆಸ್ಪತ್ರೆಯ ಬಡರೋಗಿಗಳ ನಿಧಿಗೆ. ಬಾಯಿಗೆ ಬರಬಾರದ ಮಾತೊಂದಿದೆ. ಮಗು ಉಳಿಯದೇ ಹೋದರೂ ಲೆಕ್ಕ ಒಪ್ಪಿಸಬೇಕಾಗುತ್ತದೆ. ಆ ಕೆಲಸ ತಂದೆ ತಾಯಿಯ ತಲೆಗೆ ಬರಬಾರದು, ಲೆಕ್ಕದ ಹೊಣೆ ಹೊತ್ತವರು ಮಾಡಬೇಕು. ಹೊಣೆಯನ್ನು ಬೇರೆಯವರಿಗೆ ಕೊಡಿ ಎಂದದ್ದು ಇದಕ್ಕೂ ಸೇರಿಸಿಯೇ.

ಪದೇ ಪದೇ ಆಗುವ ತಪ್ಪುಗಳು

ಮಧ್ಯವರ್ತಿಯನ್ನು ನಂಬುವುದು. ‘ನಿಧಿಯಿಂದ ಕೊಡಿಸುತ್ತೇನೆ, ಶೇ 20 ನನಗೆ’ ಎನ್ನುವವರು ಆಸ್ಪತ್ರೆ ಗೇಟಿನಲ್ಲೇ ಸಿಗುತ್ತಾರೆ. ಯಾವ ಪರಿಹಾರ ನಿಧಿಗೂ, ಯಾವ ಯೋಜನೆಗೂ ಕಮಿಷನ್ ಇಲ್ಲ.

ಒಟಿಪಿ ಹೇಳುವುದು. ‘ನಾನು ಎರಡು ಲಕ್ಷ ಕೊಡುತ್ತೇನೆ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿ’ ಎಂಬ ಕರೆ ಬಂದರೆ ಇಟ್ಟುಬಿಡಿ. ಹಣ ಪಡೆಯುವುದಕ್ಕೆ ಪಿನ್ ಬೇಕಾಗಿಲ್ಲ. ಕಷ್ಟದಲ್ಲಿರುವವರ ನಂಬರು ಪೋಸ್ಟರಿನಲ್ಲೇ ಸಿಗುತ್ತದೆಂದು ಕಳ್ಳರಿಗೂ ಗೊತ್ತು. ಮೋಸವಾಗಿಯೇ ಹೋಯಿತೆಂದರೆ ತಕ್ಷಣ 1930ಕ್ಕೆ ಕರೆ ಮಾಡಿ.

ಮೊದಲ ದಿನವೇ ಜಮೀನು ಮಾರುವುದು. ಅವಸರದ ಮಾರಾಟಕ್ಕೆ ಅರ್ಧ ಬೆಲೆ. ಸಾಲ ಬೇಕೇ ಬೇಕಾದರೆ ಮನೆಯ ಚಿನ್ನವನ್ನು ಬ್ಯಾಂಕಿನಲ್ಲಿ ಅಡವಿಡಿ. ಲೋನ್ ಆ್ಯಪ್, ಖಾಲಿ ಚೆಕ್ಕಿನ ಕೈಸಾಲ ಎರಡೂ ಬೇಡ.

ಮೂಲ ಕಾಗದ ಕೊಟ್ಟುಬಿಡುವುದು. ಅರ್ಜಿಗಳಿಗೆ ಮೂಲ ಎಸ್ಟಿಮೇಟೇ ಬೇಕೆಂದರೆ ಆಸ್ಪತ್ರೆಯಲ್ಲಿ ಸಹಿ ಮೊಹರಿನ ಮೂರು ಮೂಲ ಪ್ರತಿ ಮಾಡಿಸಿಕೊಳ್ಳಿ.

ಒಂದೇ ಖರ್ಚಿಗೆ ಎರಡು ಕಡೆಯಿಂದ ಪೂರ್ತಿ ಹಣ ಪಡೆಯುವುದು. ಒಂದು ನಿಧಿಯಿಂದ ಬಂದದ್ದನ್ನು ಇನ್ನೊಂದರ ಅರ್ಜಿಯಲ್ಲಿ ಕಾಣಿಸಿ. ಮುಚ್ಚಿಟ್ಟದ್ದು ಗೊತ್ತಾದರೆ ಕೆಡುವುದು ನಿಮ್ಮ ಹೆಸರೊಂದೇ ಅಲ್ಲ. ನಿಮ್ಮ ಹಿಂದೆ ಸಾಲಿನಲ್ಲಿ ನಿಂತ ಮಗುವಿನ ಅರ್ಜಿಯನ್ನೂ ಅನುಮಾನದಿಂದ ನೋಡುತ್ತಾರೆ.

ಕೊನೆಯದು, ಮನವಿಯನ್ನು ಮುಚ್ಚದಿರುವುದು. ನನ್ನ ಮೊಬೈಲಿಗೆ ಈಗಲೂ ಒಂದು ಮಗುವಿನ ಪೋಸ್ಟರ್ ಬರುತ್ತಿರುತ್ತದೆ. ಆ ಹುಡುಗ ಆಗಲೇ ಆರನೇ ಕ್ಲಾಸು, ಕಬಡ್ಡಿ ಆಡುತ್ತಾನೆ. ಬೇಕಾದ ಹಣ ಕೂಡಿದ ದಿನವೇ ಕ್ಯೂಆರ್ ತೆಗೆಸಿ, ವೇದಿಕೆಯ ಪುಟ ನಿಲ್ಲಿಸಿ, ಮೊದಲ ಮನವಿ ಎಲ್ಲೆಲ್ಲಿ ಹಾಕಿದ್ದಿರೋ ಅಲ್ಲೆಲ್ಲ ಇದನ್ನು ಹಾಕಿ:

‘ನಮ್ಮ ಮಗಳ ಆಪರೇಷನ್ನಿಗೆ ಬೇಕಾದಷ್ಟು ಹಣ ಕೂಡಿದೆ. ಇನ್ನು ಯಾರೂ ಕಳಿಸಬೇಡಿ. ಹಳೆಯ ಪೋಸ್ಟರ್ ನಿಮ್ಮಲ್ಲಿದ್ದರೆ ಅಳಿಸಿ. ಪೂರ್ತಿ ಲೆಕ್ಕ ಮೇಷ್ಟರ ಹತ್ತಿರ ಇದೆ, ಯಾರು ಬೇಕಾದರೂ ನೋಡಬಹುದು. ಮೊನ್ನೆಯಿಂದ ಇಡ್ಲಿ ತಿನ್ನುತ್ತಿದ್ದಾಳೆ.’